ಹಳೆಯ ಕಾರಿನ ಚೆಕ್ ಎಂಜಿನ್ ದೀಪ: ಅಳಿಸಿದರೂ ಮರಳಿ ಬರುತ್ತಿದ್ದರೆ ಏನು ಮಾಡಬೇಕು?

ಹಳೆಯ ಕಾರು ಇಟ್ಟುಕೊಂಡಿರುವ ಓದುಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಚೆಕ್ ಎಂಜಿನ್ ದೀಪ ಹತ್ತಿತು, ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ನೋಡಿದರು, ಯಾವುದೋ ಸೆನ್ಸರ್ ಬದಲಿಸಿದರು, ದೀಪ ಆರಿತು. ಕೆಲವು ದಿನ ಕಳೆದ ಮೇಲೆ ಮತ್ತೆ ಹತ್ತಿತು. ಈಗ ಇನ್ನೊಂದು ಸೆನ್ಸರ್ ಹಾಕಿಸಬೇಕೇ?

ಬೇಡ. ಸ್ಕ್ಯಾನರ್ ತೋರಿಸುವ ಕೋಡ್ ಕೆಟ್ಟುಹೋದ ಬಿಡಿಭಾಗದ ಹೆಸರಲ್ಲ. ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು, ಕಾರು ಓಡುವಾಗ ತಾನಾಗಿಯೇ ಹತ್ತಾರು ಪರೀಕ್ಷೆಗಳನ್ನು ನಡೆಸುತ್ತಿರುತ್ತದೆ. ಅವುಗಳಲ್ಲಿ ಯಾವುದು ಫೇಲಾಯಿತು ಎಂಬುದನ್ನಷ್ಟೇ ಕೋಡ್ ಹೇಳುತ್ತದೆ. ಏಕೆ ಫೇಲಾಯಿತು ಎಂದು ಹುಡುಕುವ ಕೆಲಸ ನಮ್ಮದು. ಮರಳಿ ಬರುವ ದೀಪದಲ್ಲಿ ಒಂದು ಅನುಕೂಲವೂ ಇದೆ: ಅಳಿಸಿದ ಎಷ್ಟು ಹೊತ್ತಿಗೆ, ಎಂಥ ಸಂದರ್ಭದಲ್ಲಿ ಅದು ಮರಳುತ್ತದೆ ಎಂಬುದೇ ದೋಷದ ಜಾಡು ತೋರಿಸುತ್ತದೆ. ಹೆಚ್ಚಿನವರು ದೀಪ ಹತ್ತಿದಾಗಲೆಲ್ಲ ಅಳಿಸಿ, ಆ ಜಾಡನ್ನೂ ಅಳಿಸಿಬಿಡುತ್ತಾರೆ.

ಇಲ್ಲಿ ಹೇಳಿರುವುದು ಒಬಿಡಿ-2, ಅಂದರೆ ಕಾರು ತನ್ನ ದೋಷವನ್ನು ತಾನೇ ಪತ್ತೆಹಚ್ಚಿ ಕೋಡ್ ರೂಪದಲ್ಲಿ ಹೇಳುವ ವ್ಯವಸ್ಥೆ ಇರುವ ಪೆಟ್ರೋಲ್ ಕಾರುಗಳಿಗೆ ಅನ್ವಯಿಸುತ್ತದೆ. ಅಮೆರಿಕದಲ್ಲಿ ಇದು 1996ರ ಮಾದರಿಗಳಿಂದ ಕಡ್ಡಾಯವಾಯಿತು. ಯುರೋಪಿನ ಪೆಟ್ರೋಲ್ ಕಾರುಗಳಿಗೆ 2001ರಿಂದ. ಸ್ಟೀರಿಂಗ್ ಕೆಳಗೆ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ 16 ಪಿನ್‌ಗಳ ಸಾಕೆಟ್ ಇದ್ದರೆ ನಿಮ್ಮ ಕಾರು ಬಹುತೇಕ ಈ ಗುಂಪಿಗೆ ಸೇರಿದ್ದು. ಅದಕ್ಕಿಂತ ಹಳೆಯ ಹಲವು ಕಾರುಗಳು ದೀಪವನ್ನು ಮಿಟುಕಿಸಿ ಕೋಡ್ ಹೇಳುತ್ತವೆ. ಅದನ್ನು ಓದುವ ವಿಧಾನ ಆಯಾ ಕಾರಿನ ರಿಪೇರಿ ಕೈಪಿಡಿಯಲ್ಲಿರುತ್ತದೆ. ಡೀಸೆಲ್ ಎಂಜಿನ್ ಇರುವವರು ಸ್ಪಾರ್ಕ್ ಪ್ಲಗ್ ಮತ್ತು ಫ್ಯೂಯಲ್ ಟ್ರಿಮ್ ಕುರಿತ ಭಾಗಗಳನ್ನು ಬಿಟ್ಟು ಉಳಿದದ್ದನ್ನು ಓದಬಹುದು.

ಬೇಕಾಗುವ ಸಾಮಾನು

ಲೈವ್ ಡೇಟಾ, ಅಂದರೆ ಸೆನ್ಸರ್‌ಗಳ ಆ ಕ್ಷಣದ ಅಂಕಿಗಳನ್ನು ತೋರಿಸಬಲ್ಲ ಸ್ಕ್ಯಾನರ್. ಮೊಬೈಲ್ ಆ್ಯಪ್ ಜೊತೆ ಬ್ಲೂಟೂತ್ ಮೂಲಕ ಕೆಲಸ ಮಾಡುವ ಪುಟ್ಟ ಅಡಾಪ್ಟರ್ ಆದರೂ ಸಾಕು. ಕೋಡ್ ಓದಿ ಅಳಿಸಲಷ್ಟೇ ಬರುವ ಉಪಕರಣದಿಂದ ಈ ಕೆಲಸ ಆಗದು. ಜೊತೆಗೆ ಮಲ್ಟಿಮೀಟರ್, ಟಾರ್ಚ್, ವಿದ್ಯುತ್ ಕನೆಕ್ಟರ್‌ಗಳನ್ನು ತೊಳೆಯುವ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ಮತ್ತು ಒಂದು ನೋಟ್ ಪುಸ್ತಕ. ಕೊನೆಯದನ್ನು ಯಾರೂ ತರುವುದಿಲ್ಲ, ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಅದೇ.

1. ದೀಪ ಹೇಗೆ ಉರಿಯುತ್ತಿದೆ ನೋಡಿ

ಹಳದಿ ದೀಪ ಸ್ಥಿರವಾಗಿ ಉರಿಯುತ್ತಿದ್ದು ಕಾರು ಎಂದಿನಂತೆ ಓಡುತ್ತಿದ್ದರೆ ಗಾಬರಿ ಬೇಡ. ದೀಪ ಮಿಟುಕುತ್ತಿದ್ದರೆ ಆಕ್ಸಲರೇಟರ್ ಮೇಲಿನ ಕಾಲು ಸಡಿಲಿಸಿ, ಸುರಕ್ಷಿತ ಜಾಗದಲ್ಲಿ ಕಾರು ನಿಲ್ಲಿಸಿ. ಎಂಜಿನ್ ಜೋರಾಗಿ ಮಿಸ್ಸಿಂಗ್ ಹೊಡೆಯುತ್ತಿದೆ, ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹೊರಬೀಳುತ್ತಿದೆ ಎಂದು ಅದರ ಅರ್ಥ. ಆ ಪೆಟ್ರೋಲ್ ಹೊಗೆ ಕೊಳವೆಯಲ್ಲಿರುವ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೋಗಿ ಉರಿದರೆ ಅದರ ಒಳಭಾಗವೇ ಕರಗಬಹುದು. ಸ್ಪಾರ್ಕ್ ಪ್ಲಗ್ಗಿಗೆ ವಿದ್ಯುತ್ ಕೊಡುವ ಒಂದು ಇಗ್ನಿಷನ್ ಕಾಯಿಲ್‌ನಲ್ಲಿ ಮುಗಿಯಬೇಕಾದ ಖರ್ಚು ಆಗ ಕಾರಿನ ಅತಿ ದುಬಾರಿ ಬಿಡಿಭಾಗಗಳಲ್ಲೊಂದರವರೆಗೆ ಬೆಳೆಯುತ್ತದೆ.

ಆಯಿಲ್ ಪ್ರೆಶರಿನ ಅಥವಾ ಎಂಜಿನ್ ಬಿಸಿಯ ಕೆಂಪು ದೀಪ ಹತ್ತಿದರೆ ವಿಷಯವೇ ಬೇರೆ. ಕೂಡಲೇ ಎಂಜಿನ್ ನಿಲ್ಲಿಸಿ; ಈ ಲೇಖನ ಅದಕ್ಕಲ್ಲ.

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ಒಂದು ಮಾತು: ಎಂಜಿನ್ ಶುರು ಮಾಡದೆ ಕೀ ಮಾತ್ರ ತಿರುಗಿಸಿದಾಗ ಚೆಕ್ ಎಂಜಿನ್ ದೀಪ ಹತ್ತಲೇಬೇಕು, ಎಂಜಿನ್ ಶುರುವಾದ ಮೇಲೆ ಆರಬೇಕು. ಕೀ ತಿರುಗಿಸಿದಾಗಲೂ ಹತ್ತದಿದ್ದರೆ ಬಲ್ಬ್ ಸುಟ್ಟಿರಬಹುದು, ಇಲ್ಲವೇ ಮಾರಿದವರು ಕಿತ್ತಿರಬಹುದು.

2. ಬರೆದುಕೊಳ್ಳಿ, ಅಳಿಸಬೇಡಿ

ಸ್ಕ್ಯಾನರ್ ಹಾಕಿ ಎಲ್ಲ ಕೋಡ್‌ಗಳನ್ನೂ ಬರೆದುಕೊಳ್ಳಿ. ಖಚಿತವಾದ ಕೋಡ್‌ಗಳ ಜೊತೆ ಪೆಂಡಿಂಗ್ ಕೋಡ್‌ಗಳೂ ಇರಬಹುದು. ಪರೀಕ್ಷೆ ಒಮ್ಮೆ ಫೇಲಾಗಿ, ದೀಪ ಹತ್ತಿಸಲು ಇನ್ನೊಂದು ಪುರಾವೆಗಾಗಿ ಇಸಿಯು ಕಾಯುತ್ತಿರುವ ದೋಷಗಳು ಅವು.

ಬಳಿಕ ಫ್ರೀಜ್ ಫ್ರೇಮ್ ತೆರೆಯಿರಿ. ಕೋಡ್ ದಾಖಲಾದ ಕ್ಷಣದಲ್ಲಿ ಎಂಜಿನ್ ಯಾವ ಸ್ಥಿತಿಯಲ್ಲಿತ್ತು ಎಂಬುದರ ದಾಖಲೆ ಅದು: ವೇಗ, ಆರ್‌ಪಿಎಂ, ಕೂಲಂಟಿನ ಉಷ್ಣಾಂಶ, ಎಂಜಿನ್ ಮೇಲಿನ ಹೊರೆ, ಇಂಧನದ ಲೆಕ್ಕ. ವೇಗ ಸೊನ್ನೆ, ಆರ್‌ಪಿಎಂ 750, ಕೂಲಂಟ್ 90 ಡಿಗ್ರಿ ಎಂದಿದ್ದರೆ ಬಿಸಿಯಾದ ಎಂಜಿನ್ ಐಡ್ಲಿಂಗಿನಲ್ಲಿದ್ದಾಗ ದೋಷ ಕಂಡಿದೆ. ಅದೇ ಕೋಡ್ 3000 ಆರ್‌ಪಿಎಂನಲ್ಲಿ, ಹೊರೆ ಹೆಚ್ಚಿದ್ದಾಗ ಬಂದಿದ್ದರೆ ಹುಡುಕಬೇಕಾದ ಜಾಗವೇ ಬೇರೆ. ಪರದೆಯ ಫೋಟೊ ತೆಗೆದಿಟ್ಟುಕೊಳ್ಳಿ.

ಕೋಡ್ ಅಳಿಸಿದರೆ ಈ ದಾಖಲೆಯೂ ಹೋಗುತ್ತದೆ. ಬ್ಯಾಟರಿ ಕಳಚಿದರೂ ಅದೇ ನಷ್ಟ. "ಹತ್ತು ನಿಮಿಷ ಬ್ಯಾಟರಿ ತೆಗೆದಿಡಿ, ಎಲ್ಲ ಸರಿಹೋಗುತ್ತದೆ" ಎಂಬ ಸಲಹೆಗೆ ಕಿವಿಗೊಡಬೇಡಿ.

3. ಕೋಡ್ ಹೇಳುವುದೆಷ್ಟು, ಹೇಳದಿರುವುದೆಷ್ಟು

ಕೋಡ್‌ನ ಮೊದಲ ಅಕ್ಷರ ಪಿ ಆಗಿದ್ದರೆ ದೋಷ ಎಂಜಿನ್ ಅಥವಾ ಗೇರ್‌ಬಾಕ್ಸಿಗೆ ಸಂಬಂಧಿಸಿದ್ದು. ಅದರ ನಂತರ ಸೊನ್ನೆ ಇದ್ದರೆ ಎಲ್ಲ ಕಂಪನಿಗಳಿಗೂ ಸಮಾನವಾದ ಕೋಡ್; 1 ಇದ್ದರೆ ತಯಾರಕರದೇ ಕೋಡ್, ಅರ್ಥವನ್ನು ನಿಮ್ಮ ಕಾರಿನ ಕೈಪಿಡಿಯಲ್ಲೇ ನೋಡಬೇಕು. ಮುಂದಿನ ಅಂಕಿ ವಿಭಾಗ ಹೇಳುತ್ತದೆ: 1 ಮತ್ತು 2 ಇಂಧನ ಹಾಗೂ ಗಾಳಿ, 3 ಇಗ್ನಿಷನ್, 4 ಹೊಗೆ ನಿಯಂತ್ರಣ.

ಇದಕ್ಕಿಂತ ಮುಖ್ಯವಾದದ್ದು ಕೋಡ್‌ನ ವಿವರಣೆಯಲ್ಲಿ 'ಸರ್ಕ್ಯೂಟ್' ಎಂಬ ಪದ ಇದೆಯೇ ಎಂಬುದು. ಪಿ0135 ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕ್ಯೂಟಿನ ಕೋಡ್. ಇಂಥವುಗಳಲ್ಲಿ ಮೊದಲು ಫ್ಯೂಸ್, ವೈರ್ ಮತ್ತು ಕನೆಕ್ಟರ್ ನೋಡಬೇಕು, ಆಮೇಲೆ ಸೆನ್ಸರ್. ಪಿ0171 ಹಾಗಲ್ಲ. ಅದು 'ಮಿಶ್ರಣದಲ್ಲಿ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ' ಎಂಬ ದೂರು. ದೂರು ಕೊಟ್ಟದ್ದು ಆಕ್ಸಿಜನ್ ಸೆನ್ಸರ್ ಎಂಬ ಒಂದೇ ಕಾರಣಕ್ಕೆ ಎಷ್ಟೋ ಒಳ್ಳೆಯ ಸೆನ್ಸರ್‌ಗಳು ಕಸದ ಬುಟ್ಟಿ ಸೇರುತ್ತವೆ.

ಕೋಡ್‌ಗಳು ಹಲವು ಇದ್ದರೆ ಮಿಸ್ಸಿಂಗ್ ಮತ್ತು ಮಿಶ್ರಣದವನ್ನು ಮೊದಲು ಬಗೆಹರಿಸಿ. ಪಿ0420, ಅಂದರೆ ಕನ್ವರ್ಟರಿನ ಸಾಮರ್ಥ್ಯ ಕುಗ್ಗಿದೆ ಎಂಬ ಕೋಡ್, ಯಾವಾಗಲೂ ಕೊನೆಗೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಸೆನ್ಸರ್‌ಗಳ ಕೋಡ್ ಒಟ್ಟಿಗೇ ಬಂದಿದ್ದರೆ ಅಷ್ಟೂ ಸೆನ್ಸರ್ ಒಂದೇ ದಿನ ಕೆಟ್ಟಿರುವುದಿಲ್ಲ. ಅವುಗಳಿಗೆ ಸಮಾನವಾದ 5 ವೋಲ್ಟ್ ಪೂರೈಕೆ, ಅರ್ಥಿಂಗ್, ಇಲ್ಲವೇ ಬ್ಯಾಟರಿ ಕೈಕೊಟ್ಟಿದೆ.

4. ಬ್ಯಾಟರಿ ಮತ್ತು ಅರ್ಥಿಂಗ್

ಹಳೆಯ ಕಾರಿನಲ್ಲಿ ಯಾವ ಕೋಡ್ ಬಂದಿದ್ದರೂ ಇದನ್ನು ತಪ್ಪಿಸಬೇಡಿ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ಆಸುಪಾಸಿನಲ್ಲಿರಬೇಕು, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಉಜ್ಜಿ ಬಿಗಿಮಾಡಿ.

ಈಗ ಎಂಜಿನ್ ಓಡುತ್ತಿರಲಿ, ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿರಿ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಮುಟ್ಟಿಸಿ. 0.2 ವೋಲ್ಟಿಗಿಂತ ಹೆಚ್ಚು ಬಂದರೆ ಅರ್ಥಿಂಗ್ ಪಟ್ಟಿ ಸವೆದಿದೆ ಅಥವಾ ತುಕ್ಕು ಹಿಡಿದಿದೆ. ಅದೇ ಬಗೆಯಲ್ಲಿ ಕಾರಿನ ಬಾಡಿಯನ್ನೂ ಪರೀಕ್ಷಿಸಿ. ಸೆನ್ಸರ್‌ಗಳು ಕಳುಹಿಸುವುದು ಬಲು ಸಣ್ಣ ವೋಲ್ಟೇಜ್. ಅರ್ಥಿಂಗ್ ಅಲುಗಿದರೆ ಅವೆಲ್ಲ ಸುಳ್ಳು ಹೇಳುತ್ತವೆ. ಓಡುವ ಎಂಜಿನ್ನಿನ ಬೆಲ್ಟ್ ಮತ್ತು ಫ್ಯಾನಿನಿಂದ ಕೈ, ವೈರು, ಸಡಿಲ ಬಟ್ಟೆಯನ್ನು ದೂರವಿಡಿ. ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸಬೇಡಿ, ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುತ್ತದೆ.

5. ಈಗ ಒಮ್ಮೆ ಅಳಿಸಿ, ದೀಪ ಯಾವಾಗ ಮರಳುತ್ತದೆ ಎಂದು ಗಮನಿಸಿ

ಎಲ್ಲ ಬರೆದಿಟ್ಟುಕೊಂಡ ಮೇಲೆ ಕೋಡ್ ಅಳಿಸುವುದರಲ್ಲಿ ತಪ್ಪಿಲ್ಲ. ಇಸಿಯು ಕೆಲವು ಪರೀಕ್ಷೆಗಳನ್ನು ಎಡೆಬಿಡದೆ ನಡೆಸುತ್ತದೆ, ಕೆಲವನ್ನು ನಿರ್ದಿಷ್ಟ ಪರಿಸ್ಥಿತಿ ಕೂಡಿಬಂದಾಗ ಮಾತ್ರ. ಹೀಗಾಗಿ ಮರಳುವ ಅವಧಿಗೇ ಒಂದು ಅರ್ಥವಿದೆ.

ಕೀ ತಿರುಗಿಸಿದ ಕೂಡಲೇ ಅಥವಾ ಎಂಜಿನ್ ಶುರುವಾದ ಕೆಲವೇ ಕ್ಷಣಗಳಲ್ಲಿ ಕೋಡ್ ಮರಳಿದರೆ ಅದು ಬಹುಪಾಲು ವಿದ್ಯುತ್ತಿನ ದೋಷ: ತುಂಡಾದ ವೈರು, ಶಾರ್ಟ್, ಪೂರ್ತಿ ಸತ್ತ ಸೆನ್ಸರ್. ಇದು ಹುಡುಕಲು ಸುಲಭ, ಏಕೆಂದರೆ ದೋಷ ಎಲ್ಲಿಗೂ ಓಡಿಹೋಗುವುದಿಲ್ಲ. ಕೆಲವು ನಿಮಿಷ ಓಡಿಸಿದ ಮೇಲೆ ಮರಳಿದರೆ ಮಿಸ್ಸಿಂಗ್ ಅಥವಾ ಮಿಶ್ರಣದ ತೊಂದರೆಯನ್ನು ಶಂಕಿಸಿ. ದಿನಗಟ್ಟಲೆ ಬಿಟ್ಟು ಮರಳುವುದು ಸಾಮಾನ್ಯವಾಗಿ ಕನ್ವರ್ಟರ್, ಇವ್ಯಾಪ್ ಮುಂತಾದವು. ಇವ್ಯಾಪ್ ಎಂದರೆ ಪೆಟ್ರೋಲ್ ಟ್ಯಾಂಕಿನ ಆವಿ ಹೊರಹೋಗದಂತೆ ಹಿಡಿದು ಎಂಜಿನ್ನಿಗೆ ಉಣಿಸುವ ವ್ಯವಸ್ಥೆ. ಇವುಗಳ ಪರೀಕ್ಷೆಗೆ ತಣ್ಣಗಿನ ಎಂಜಿನ್, ಟ್ಯಾಂಕಿನಲ್ಲಿ ಮಧ್ಯಮ ಮಟ್ಟದ ಪೆಟ್ರೋಲ್, ಸ್ಥಿರ ವೇಗ ಮೊದಲಾದ ಷರತ್ತುಗಳಿರುತ್ತವೆ. ಷರತ್ತು ಪೂರೈಸಿದ ಒಂದು ಓಡಾಟಕ್ಕೆ 'ಟ್ರಿಪ್' ಎನ್ನುತ್ತಾರೆ. ಹೆಚ್ಚಿನ ದೋಷಗಳಿಗೆ ಸತತ ಎರಡು ಟ್ರಿಪ್‌ಗಳಲ್ಲಿ ಫೇಲಾದರೆ ಮಾತ್ರ ದೀಪ ಹತ್ತುತ್ತದೆ. ಸತತ ಮೂರು ಟ್ರಿಪ್‌ಗಳಲ್ಲಿ ಪಾಸಾದರೆ ತಾನಾಗಿಯೇ ಆರುತ್ತದೆ. ಕೋಡ್ ಮಾತ್ರ ಸಾಮಾನ್ಯವಾಗಿ 40 ಬಾರಿ ಎಂಜಿನ್ ಬಿಸಿಯಾಗಿ ತಣಿಯುವವರೆಗೆ ನೆನಪಿನಲ್ಲಿ ಉಳಿದಿರುತ್ತದೆ. ಆದ್ದರಿಂದ ತಾನಾಗಿ ಆರಿದ ದೀಪವನ್ನು ನಂಬಬೇಡಿ. ಆರಿದಾಗಲೂ ಸ್ಕ್ಯಾನ್ ಮಾಡಿ.

ನೋಟ್ ಪುಸ್ತಕ ಬೇಕಾಗುವುದು ಇಲ್ಲಿ. ದೀಪ ಹತ್ತಿದಾಗಲೆಲ್ಲ ಹೊತ್ತು, ಹವೆ, ಪೆಟ್ರೋಲ್ ಮಟ್ಟ, ಎಂಜಿನ್ ತಣ್ಣಗಿತ್ತೋ ಬಿಸಿಯಾಗಿತ್ತೋ, ದಾರಿ ಹೇಗಿತ್ತು ಎಂದು ಬರೆಯಿರಿ. ಮಳೆ ಬಂದಾಗ ಮಾತ್ರ ಬರುವ ಮಿಸ್ಸಿಂಗ್ ಇಗ್ನಿಷನ್ ಕಾಯಿಲ್ ಅಥವಾ ಪ್ಲಗ್ ವೈರಿನಲ್ಲಿ ಬಿರುಕಿದೆ ಎನ್ನುತ್ತದೆ. ಪೆಟ್ರೋಲ್ ತುಂಬಿಸಿದ ಬೆನ್ನಿಗೇ ಎಂಜಿನ್ ಶುರುವಾಗಲು ತಿಣುಕಿ, ಆಮೇಲೆ ದೀಪ ಹತ್ತಿದರೆ ಇವ್ಯಾಪ್‌ನ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ತೆರೆದೇ ಸಿಕ್ಕಿಕೊಂಡಿರಬಹುದು. ಬೆಳಗಿನ ಚಳಿಯಲ್ಲಿ ಕಾಣಿಸಿಕೊಂಡು ಎಂಜಿನ್ ಬಿಸಿಯಾದಂತೆ ಮಾಯವಾಗುವ ಮಿಶ್ರಣದ ದೋಷ ಹಲವು ಬಾರಿ ಗಟ್ಟಿಯಾದ ಇನ್‌ಟೇಕ್ ಗ್ಯಾಸ್ಕೆಟ್‌ನಿಂದ ಬರುತ್ತದೆ. ಬಿಸಿಗೆ ಲೋಹ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ. ಬಿಸಿ ಏರಿದಾಗ ಎಂಜಿನ್ ನಿಂತು, ತಣಿದ ಮೇಲೆ ಏನೂ ಆಗದಂತೆ ಶುರುವಾದರೆ ಎಂಜಿನ್ ತಿರುಗುವುದನ್ನು ಗಮನಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ ಕಣ್ಣಿಡಿ. ಏರಿನಲ್ಲಿ ಮಾತ್ರ ಬಂದರೆ ಸೋತ ಫ್ಯೂಯಲ್ ಪಂಪ್ ಅಥವಾ ಕಾಯಿಲ್. ಹಳ್ಳದಿಣ್ಣೆಗಳಲ್ಲಿ ಮಾತ್ರ ಬಂದರೆ ವೈರಿಂಗ್.

6. ಸಾಮಾನ್ಯ ದೋಷಗಳ ಪರೀಕ್ಷೆ

ಮೊದಲಿಗೆ ಪುಕ್ಕಟೆ ಪರೀಕ್ಷೆಯೊಂದನ್ನು ಮಾಡಿ. ರಾತ್ರಿಯಿಡೀ ನಿಂತ ಕಾರಿನಲ್ಲಿ ಎಂಜಿನ್ ಶುರು ಮಾಡದೆ ಕೀ ತಿರುಗಿಸಿ, ಲೈವ್ ಡೇಟಾದಲ್ಲಿ ಕೂಲಂಟಿನ ಮತ್ತು ಒಳಬರುವ ಗಾಳಿಯ ಉಷ್ಣಾಂಶ ನೋಡಿ. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಹತ್ತಾರು ಡಿಗ್ರಿ ಅಂತರವಿದ್ದರೆ ಒಂದು ಸೆನ್ಸರ್ ತಪ್ಪು ಹೇಳುತ್ತಿದೆ.

ಪಿ0171 ಮತ್ತು ಪಿ0174 (ಎರಡು ಸಾಲು ಸಿಲಿಂಡರ್ ಇರುವ ಎಂಜಿನ್ನಿನ ಎರಡನೆಯ ಸಾಲಿನ ಬಗ್ಗೆ ಅದೇ ದೂರು): ಇವುಗಳಿಗೆ ಫ್ಯೂಯಲ್ ಟ್ರಿಮ್ ಓದಲು ಕಲಿಯಬೇಕು. ಲೆಕ್ಕ ಹಾಕಿದ್ದಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಪೆಟ್ರೋಲನ್ನು ಇಸಿಯು ಕೊಡಬೇಕಾಗಿ ಬಂದಿದೆ ಎಂಬ ಶೇಕಡಾ ತಿದ್ದುಪಡಿಯೇ ಟ್ರಿಮ್. ತತ್‌ಕ್ಷಣದ್ದು ಒಂದು, ದೀರ್ಘಾವಧಿಯದು ಇನ್ನೊಂದು, ಎರಡನ್ನೂ ಕೂಡಿಸಿ. ಮೊತ್ತ ಶೇ 10ರ ಒಳಗೆ, ಪ್ಲಸ್ ಆಗಲಿ ಮೈನಸ್ ಆಗಲಿ, ಇದ್ದರೆ ಚಿಂತೆಯಿಲ್ಲ. ಬಿಸಿಯಾದ ಎಂಜಿನ್ನಿನಲ್ಲಿ ಐಡ್ಲಿಂಗಿನ ಮೊತ್ತವನ್ನೂ 2500 ಆರ್‌ಪಿಎಂನ ಮೊತ್ತವನ್ನೂ ಹೋಲಿಸಿ. ಐಡ್ಲಿಂಗಿನಲ್ಲಿ ಶೇ 20 ದಾಟಿ, ಆರ್‌ಪಿಎಂ ಏರಿಸಿದಾಗ ಇಳಿದರೆ ಎಲ್ಲೋ ಕಳ್ಳಗಾಳಿ ನುಗ್ಗುತ್ತಿದೆ; ಇದು ವ್ಯಾಕ್ಯೂಮ್ ಲೀಕ್. ಐಡ್ಲಿಂಗಿನಲ್ಲಿ ಸರಿಯಿದ್ದು ಹೊರೆ ಬಿದ್ದಂತೆ ಏರಿದರೆ ಫ್ಯೂಯಲ್ ಫಿಲ್ಟರ್, ಪಂಪ್ ಅಥವಾ ಗಾಳಿ ಅಳೆಯುವ ಎಂಎಎಫ್ ಸೆನ್ಸರ್ ನೋಡಿ. ಎಂಎಎಫ್ ಬದಲು ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇರುವ ಕಾರುಗಳಲ್ಲಿ ಮಾತ್ರ ಈ ಸೂತ್ರ ಅಷ್ಟಾಗಿ ನಡೆಯದು. ಅಲ್ಲಿ ಲೀಕ್ ಇದ್ದರೆ ಟ್ರಿಮ್‌ಗಿಂತ ಐಡ್ಲಿಂಗ್ ವೇಗವೇ ಏರುತ್ತದೆ.

ಲೀಕ್ ಹುಡುಕುವಾಗ ಏರ್ ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ದಪ್ಪ ರಬ್ಬರ್ ಕೊಳವೆಯ ಮಡಿಕೆಗಳನ್ನು ಬಿಡಿಸಿ ನೋಡಿ. ಬಿರುಕು ಮಡಿಕೆಯ ತಳದಲ್ಲಿ ಅಡಗಿರುತ್ತದೆ. ಸಣ್ಣ ವ್ಯಾಕ್ಯೂಮ್ ಹೋಸ್‌ಗಳನ್ನು ಒಂದೊಂದಾಗಿ ಮೆಲ್ಲಗೆ ಹಿಸುಕಿ, ಯಾವುದನ್ನು ಹಿಸುಕಿದಾಗ ಟ್ರಿಮ್ ಇಳಿಯುತ್ತದೆ ಎಂದು ಗಮನಿಸಿ. ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ ಲೀಕ್ ಹುಡುಕುವ ಹಳೆಯ ಪದ್ಧತಿ ಬೇಡ. ಬಿಸಿ ಎಂಜಿನ್ನಿನ ಮೇಲೆ ಅದು ಬೆಂಕಿ ಹೊತ್ತಿಸಬಲ್ಲದು. ಎಂಎಎಫ್ ತೊಳೆಯುವುದಾದರೆ ಅದಕ್ಕೆಂದೇ ಇರುವ ಸ್ಪ್ರೇ ಬಳಸಿ, ಒಳಗಿನ ತಂತಿಯನ್ನು ಮುಟ್ಟದೆ, ಪೂರ್ತಿ ಒಣಗಿದ ಮೇಲೆ ಜೋಡಿಸಿ. ಆಕ್ಸಿಜನ್ ಸೆನ್ಸರಿಗಿಂತ ಮುಂಚೆ ಹೊಗೆ ಕೊಳವೆ ಸೀಳಿದ್ದರೂ ಹೊರಗಿನ ಗಾಳಿ ಒಳಸೇರಿ ಇದೇ ಕೋಡ್ ಬರಬಹುದು.

ಪಿ0300ರಿಂದ ಮುಂದಿನ ಮಿಸ್ಸಿಂಗ್ ಕೋಡ್‌ಗಳು: ಕೊನೆಯ ಅಂಕಿ ಸಿಲಿಂಡರಿನ ಸಂಖ್ಯೆ. ಪಿ0302 ಎಂದರೆ ಎರಡನೆಯದು. ಪಿ0300 ಎಂದರೆ ಇಂಥದ್ದೇ ಎಂದು ಗೊತ್ತಾಗಿಲ್ಲ. ಸಿಲಿಂಡರಿಗೊಂದು ಕಾಯಿಲ್ ಇದ್ದರೆ, ಎಂಜಿನ್ ನಿಲ್ಲಿಸಿ, ತಣಿದ ಮೇಲೆ ಎರಡನೆಯದರ ಕಾಯಿಲನ್ನು ಮೂರನೆಯದಕ್ಕೆ ಹಾಕಿ ಅದಲುಬದಲು ಮಾಡಿ. ಕೋಡ್ ಪಿ0303 ಆದರೆ ಕಾಯಿಲ್ ತಪ್ಪಿತಸ್ಥ. ಬದಲಾಗದಿದ್ದರೆ ಪ್ಲಗ್ ಅದಲುಬದಲು, ನಂತರ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್. ಯಾವುದಕ್ಕೂ ಜಗ್ಗದೆ ಕೋಡ್ ಅದೇ ಸಿಲಿಂಡರಿನಲ್ಲಿ ಕುಳಿತರೆ ಆ ಸಿಲಿಂಡರಿನ ವೈರಿಂಗ್ ನೋಡಿ, ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಅಳೆಸಿ. ಒಮ್ಮೆಗೆ ಒಂದನ್ನೇ ಬದಲಿಸಿ; ಕಾಯಿಲ್ ಮತ್ತು ಪ್ಲಗ್ ಎರಡನ್ನೂ ಒಟ್ಟಿಗೆ ಸ್ಥಳಾಂತರಿಸಿದರೆ ಯಾವುದು ಕೆಟ್ಟಿತ್ತೆಂದು ತಿಳಿಯುವುದೇ ಇಲ್ಲ.

ಪಿ0420: ಬಿಸಿಯಾದ ಎಂಜಿನ್ನನ್ನು 2500 ಆರ್‌ಪಿಎಂನಲ್ಲಿ ಸ್ಥಿರವಾಗಿ ಹಿಡಿದು, ಕನ್ವರ್ಟರಿನ ಹಿಂದಿರುವ ಆಕ್ಸಿಜನ್ ಸೆನ್ಸರಿನ ಗ್ರಾಫ್ ನೋಡಿ. ಗೆರೆ ಹೆಚ್ಚು ಅಲುಗದಿದ್ದರೆ ಕನ್ವರ್ಟರ್ ಇನ್ನೂ ಕೆಲಸ ಮಾಡುತ್ತಿದೆ. ಹೊಗೆ ಕೊಳವೆಯ ಲೀಕ್ ಹುಡುಕಿ. 0.1ರಿಂದ 0.9 ವೋಲ್ಟ್‌ವರೆಗೆ ಬೇಗಬೇಗ ಏರಿಳಿಯುತ್ತಿದ್ದರೆ ಕನ್ವರ್ಟರ್ ದಣಿದಿದೆ. ಹಾಗಿದ್ದರೂ ಹೊಸದನ್ನು ಹಾಕಿಸುವ ಮೊದಲು ಹಳೆಯದನ್ನು ಕೊಂದದ್ದು ಏನು ಎಂದು ತಿಳಿಯಿರಿ. ಮಿಸ್ಸಿಂಗ್ ಇದ್ದರೆ, ಎಂಜಿನ್ ಆಯಿಲ್ ಸುಡುತ್ತಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಪಿ0442, ಪಿ0455, ಪಿ0456: ಇವ್ಯಾಪ್ ವ್ಯವಸ್ಥೆಯಲ್ಲಿ ಲೀಕ್ ಇದೆ ಎಂಬ ಕೋಡ್ ಇವು. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ರಬ್ಬರ್ ನೋಡಿ. ಬಿರುಕು ಬಿಟ್ಟಿದ್ದರೆ ಬದಲಿಸಿ. ಸರಿಯಿದ್ದರೆ ಪರ್ಜ್ ವಾಲ್ವ್: ತಣ್ಣಗಿನ ಎಂಜಿನ್ ಐಡ್ಲಿಂಗಿನಲ್ಲಿರುವಾಗ ಟ್ಯಾಂಕಿನ ಕಡೆಯ ಹೋಸ್ ಕಳಚಿ, ವಾಲ್ವಿನ ತುದಿಗೆ ಬೆರಳಿಟ್ಟರೆ ಎಳೆತ ಇರಬಾರದು.

ಪಿ0128: ಎಂಜಿನ್ ಬೇಕಾದಷ್ಟು ಬಿಸಿಯಾಗುತ್ತಿಲ್ಲ ಎಂಬ ಕೋಡ್. ಕೂಲಂಟ್ ಮಟ್ಟ ಸರಿಯಿದೆಯೇ ನೋಡಿ; ಸರಿಯಿದ್ದರೆ ಬಹುತೇಕ ಕೂಲಂಟಿನ ಹರಿವು ನಿಯಂತ್ರಿಸುವ ಥರ್ಮೋಸ್ಟಾಟ್. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ಮಾತ್ರ ತೆರೆಯಬೇಡಿ.

7. ಒಮ್ಮೆ ಕಂಡು ಒಮ್ಮೆ ಅಡಗುವ ದೋಷ

ಹಳೆಯ ಕಾರಿನಲ್ಲಿ ತಾಳ್ಮೆ ಕೆಡಿಸುವುದು ಇದು. ಎಂಜಿನ್ ಐಡ್ಲಿಂಗಿನಲ್ಲಿಟ್ಟು, ಶಂಕೆಯಿರುವ ಸೆನ್ಸರಿನ ಲೈವ್ ಡೇಟಾ ಗ್ರಾಫನ್ನು ಒಬ್ಬರು ನೋಡುತ್ತಿರಲಿ. ಇನ್ನೊಬ್ಬರು ವೈರಿಂಗ್ ಕಂತೆಯನ್ನು ಸ್ವಲ್ಪ ಸ್ವಲ್ಪವೇ ಅಲುಗಿಸುತ್ತ ಹೋಗಲಿ. ಗ್ರಾಫ್ ಜಿಗಿದ ಜಾಗದಲ್ಲಿ ದೋಷವಿದೆ. ಬ್ಯಾಟರಿ ತಟ್ಟೆಯ ಕೆಳಗೆ, ಹೊಗೆ ಕೊಳವೆಯ ಹತ್ತಿರ, ಲೋಹದ ಅಂಚಿಗೆ ಕಂತೆ ಒರಗಿ ಬಾಗುವಲ್ಲಿ, ಇಲಿ ಕಡಿಯಬಹುದಾದ ಮೂಲೆಗಳಲ್ಲಿ, ಹಿಂದೆ ಯಾರೋ ಟೇಪು ಸುತ್ತಿ ಜೋಡಿಸಿದಲ್ಲಿ ಮೊದಲು ಹುಡುಕಿ. ನನ್ನನ್ನು ಕೇಳಿದರೆ ಆ ಟೇಪು ಸುತ್ತಿದ ಜಾಗದಿಂದಲೇ ಶುರು ಮಾಡಿ ಎನ್ನುತ್ತೇನೆ.

ಕನೆಕ್ಟರ್ ಬಿಚ್ಚುವ ಮೊದಲು ಕೀ ತೆಗೆಯಿರಿ. ಪಿನ್‌ಗಳ ಮೇಲೆ ಹಸಿರು ಕಿಲುಬು ಇದ್ದರೆ ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆಯಿರಿ. ಪರೀಕ್ಷೆಗೆಂದು ವೈರಿನ ಹೊದಿಕೆಗೆ ಸೂಜಿ ಚುಚ್ಚಬೇಡಿ. ಆ ತೂತಿನಿಂದ ನೀರು ಇಳಿದು ಮುಂದಿನ ವರ್ಷದ ದೋಷಕ್ಕೆ ಬೀಜ ಬಿತ್ತಿದಂತಾಗುತ್ತದೆ.

8. ರಿಪೇರಿ ಫಲಿಸಿತೇ ಎಂದು ಖಚಿತಪಡಿಸಿಕೊಳ್ಳಿ

ದೀಪ ಆರಿರುವುದು ಪುರಾವೆಯಲ್ಲ. ಅಳಿಸಿದರೆ ಯಾವ ದೀಪವೂ ಆರುತ್ತದೆ. ಸ್ಕ್ಯಾನರಿನಲ್ಲಿ 'ರೆಡಿನೆಸ್' ಅಥವಾ 'ಮಾನಿಟರ್' ಎಂಬ ಪಟ್ಟಿ ಇರುತ್ತದೆ. ಅಳಿಸಿದ ಮೇಲೆ ಯಾವ ಪರೀಕ್ಷೆಗಳು ಮುಗಿದಿವೆ, ಯಾವುವು ಬಾಕಿ ಇವೆ ಎಂದು ಅದು ತೋರಿಸುತ್ತದೆ. ನಿಮ್ಮ ದೋಷಕ್ಕೆ ಸಂಬಂಧಿಸಿದ ಪರೀಕ್ಷೆ ಮುಗಿದು, ಪೆಂಡಿಂಗ್ ಕೋಡ್ ಏನೂ ಇಲ್ಲದಿದ್ದರೆ ಆಗ ಸಮಾಧಾನಪಡಿ. ಟ್ಯಾಂಕನ್ನು ಕಾಲು ಭಾಗಕ್ಕೂ ಮುಕ್ಕಾಲು ಭಾಗಕ್ಕೂ ನಡುವೆ ಇಟ್ಟುಕೊಂಡು, ತಣ್ಣಗಿನ ಎಂಜಿನ್ನಿನಿಂದ ಹೊರಟು, ಸ್ವಲ್ಪ ನಿಧಾನದ ದಾರಿಯಲ್ಲೂ ಸ್ವಲ್ಪ ಸ್ಥಿರ ವೇಗದ ಹೆದ್ದಾರಿಯಲ್ಲೂ ಕೆಲವು ದಿನ ಓಡಿಸಿದರೆ ಹೆಚ್ಚಿನ ಪರೀಕ್ಷೆಗಳು ಮುಗಿಯುತ್ತವೆ. ಕಾರಿಗೆ ಹೊಗೆ ತಪಾಸಣೆ ಇದ್ದರೆ ಅದರ ಹಿಂದಿನ ದಿನ ಕೋಡ್ ಅಳಿಸಲು ಹೋಗಬೇಡಿ. ರೆಡಿನೆಸ್ ನೋಡುವ ಕಡೆಗಳಲ್ಲಿ ಬಾಕಿ ಪಟ್ಟಿಯೇ ನಿಮ್ಮನ್ನು ಹಿಡಿದುಕೊಡುತ್ತದೆ.

9. ಮೆಕ್ಯಾನಿಕ್ ಬಳಿ ಹೋಗುವಾಗ

ಕಂಪ್ರೆಷನ್, ಟೈಮಿಂಗ್ ಚೈನ್, ಇಸಿಯು ಕುರಿತ ಶಂಕೆಗಳು ಮನೆಯಲ್ಲಿ ಬಗೆಹರಿಯುವಂಥವಲ್ಲ. ಕಣ್ಣಿಗೆ ಕಾಣದ ಗಾಳಿ ಲೀಕ್‌ಗೆ ಸ್ಮೋಕ್ ಟೆಸ್ಟ್ ಇದೆ: ಯಂತ್ರದಿಂದ ಕೊಳವೆಗಳೊಳಗೆ ಹೊಗೆ ತುಂಬಿಸಿ, ಅದು ಎಲ್ಲಿ ಹೊರಬರುತ್ತದೆ ಎಂದು ನೋಡುವುದು. ಅಂದಾಜಿನ ಮೇಲೆ ಎರಡು ಬಿಡಿಭಾಗ ಬದಲಿಸುವುದಕ್ಕಿಂತ ಇದು ಲೇಸು. ಹೋದಾಗ "ದೀಪ ಆರಿಸಿಕೊಡಿ" ಎನ್ನಬೇಡಿ, ಆರಿಸಿಯೇ ಕೊಡುತ್ತಾರೆ. ನಿಮ್ಮ ನೋಟ್ ಪುಸ್ತಕವನ್ನೂ ಫ್ರೀಜ್ ಫ್ರೇಮ್ ಫೋಟೊವನ್ನೂ ಮುಂದಿಟ್ಟು, "ಏಕೆ ಮರಳುತ್ತಿದೆ ಎಂದು ಹುಡುಕಿಕೊಡಿ" ಎನ್ನಿ. ಯಾವುದಾದರೂ ಭಾಗ ಬದಲಿಸಬೇಕೆಂದರೆ, ಅದು ಕೆಟ್ಟಿದೆ ಎಂದು ಯಾವ ಪರೀಕ್ಷೆಯಿಂದ ತಿಳಿಯಿತು ಎಂದು ಕೇಳಿ. "ಕೋಡ್‌ನಲ್ಲಿ ಹಾಗೆ ಬಂದಿದೆ" ಎಂಬುದು ಉತ್ತರವಲ್ಲ.

ತೆಗೆದ ಹಳೆಯ ಭಾಗವನ್ನು ಕೇಳಿ ಮನೆಗೆ ತನ್ನಿ. ದೀಪ ಮರಳಿದರೆ ಅದನ್ನೇ ಮತ್ತೆ ಜೋಡಿಸಿ ನೋಡಲು ಬರುತ್ತದೆ. ಸೆನ್ಸರ್‌ಗಳ ವಿಷಯದಲ್ಲಿ ಕಾರಿನೊಂದಿಗೇ ಬಂದ ಹಳೆಯದು ಅಗ್ಗದ ಹೊಸದಕ್ಕಿಂತ ಸರಿಯಾಗಿ ಅಳೆಯುವುದು ಅಪರೂಪವೇನಲ್ಲ.